ಕಡಲೆಬೀಜ ಇಲ್ಲದ ಜೇಬು: 200 ಕಿಲೋಮೀಟರ್ ಸೈಕಲ್ ಸವಾರಿಗೆ ಮನೆಯಲ್ಲೇ ಮಾಡಿಕೊಂಡ ತಿಂಡಿ

ಎಡೆಯೂರು ದಾಟಿ ಕುಣಿಗಲ್ ಕಡೆಗೆ ವಾಪಸ್ ಬರುತ್ತಿದ್ದೆ. ಮೀಟರಿನಲ್ಲಿ 130 ಕಿಲೋಮೀಟರ್ ಆಗಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ರಸ್ತೆ ಪಕ್ಕದ ಹೋಟೆಲಿನ ಗೋಡೆಗೆ ಸೈಕಲ್ ಒರಗಿಸಿ ಕೇಳಿದೆ: "ಅಣ್ಣಾ, ಚಿತ್ರಾನ್ನಕ್ಕೆ ಕಡ್ಲೆಬೀಜ ಹಾಕಿದ್ದೀರಾ? ನನಗೆ ಅಲರ್ಜಿ."

"ತೆಗೆದು ಕೊಡ್ತೀನಿ ಬಿಡಿ ಸಾರ್."

ಹೇಳಿದ ಹಾಗೇ ಮಾಡಿದರು. ಚಮಚದಲ್ಲಿ ಒಂದೊಂದೇ ಬೀಜ ಆರಿಸಿ ಪಕ್ಕಕ್ಕೆ ಹಾಕಿ, ನಗುತ್ತಾ ತಟ್ಟೆ ಮುಂದಿಟ್ಟರು. ಪಾಪ, ಅವರದ್ದು ತಪ್ಪಿಲ್ಲ. ಆದರೆ ಆ ಬೀಜಗಳ ಜೊತೆಗೇ ಒಗ್ಗರಣೆ ಬೆಂದಿದೆ. ಅನ್ನವೆಲ್ಲ ಅದೇ ಎಣ್ಣೆಯಲ್ಲಿ ಹೊರಳಿದೆ. ದುಡ್ಡು ಕೊಟ್ಟು, ತಟ್ಟೆ ಮುಟ್ಟದೆ ಹೊರಟೆ. ಜೇಬಿನಲ್ಲಿದ್ದ ಎರಡು ಬಾಳೆಹಣ್ಣು ಬೆಳ್ಳೂರು ಕ್ರಾಸಿನಲ್ಲೇ ಖಾಲಿಯಾಗಿದ್ದವು.

ಸೋಲೂರಿನ ಹತ್ತಿರ, ಸುಮಾರು 160ನೇ ಕಿಲೋಮೀಟರಿನಲ್ಲಿ, ಕಾಲು ನಿಂತುಹೋಯಿತು. ಕೈ ನಡುಕ, ತಣ್ಣನೆ ಬೆವರು. ಎದುರಿಗಿದ್ದ ಸಣ್ಣ ದಿಬ್ಬ ನಂದಿಬೆಟ್ಟದ ಥರ ಕಾಣುತ್ತಿತ್ತು. ಕೊನೆಗೆ ಒಂದು ಟೆಂಪೋದಲ್ಲಿ, ಈರುಳ್ಳಿ ಮೂಟೆಗಳ ಮೇಲೆ ಸೈಕಲ್ ಮಲಗಿಸಿಕೊಂಡು ಪೀಣ್ಯ ತಲುಪಿದೆ. ಅಲರ್ಜಿ ನನ್ನನ್ನು ಬೀಳಿಸಲಿಲ್ಲ. ಅಲರ್ಜಿಯ ಭಯಕ್ಕೆ ಉಪವಾಸ ಇದ್ದದ್ದು ಬೀಳಿಸಿತು.

ಆವತ್ತು ರಾತ್ರಿ ಒಂದು ನೋಟ್‌ಬುಕ್ ತೆಗೆದೆ. ಅದರಲ್ಲಿ ಬರೆದುಕೊಂಡದ್ದೇ ಇದು.

ಏನು ಬೇಕಿತ್ತು

ನನಗೆ ಕಡಲೆಬೀಜ ಆಗುವುದಿಲ್ಲ, ಗೋಡಂಬಿ ಆಗುವುದಿಲ್ಲ. ಗೋಡಂಬಿ ಆಗದವರಿಗೆ ಸಾಮಾನ್ಯವಾಗಿ ಪಿಸ್ತಾ ಕೂಡ ಆಗುವುದಿಲ್ಲ, ಹಾಗಾಗಿ ಅದೂ ದೂರ. ಹಾಲು, ಗೋಧಿ, ಎಳ್ಳು, ಕೊಬ್ಬರಿ ಎಲ್ಲ ನಡೆಯುತ್ತದೆ. ಪಟ್ಟಿ ಚಿಕ್ಕದು ಅನಿಸಬಹುದು. ಆದರೆ ನಮ್ಮ ಕಡೆ ಕಡಲೆಬೀಜ ಇಲ್ಲದ ತಿಂಡಿ ಹುಡುಕಿ ನೋಡಿ. ಪುಳಿಯೋಗರೆ, ಅವಲಕ್ಕಿ ಒಗ್ಗರಣೆ, ಚುರುಮುರಿ, ಚಟ್ನಿ, ಕೊನೆಗೆ ಪಲ್ಯದ ಪುಡಿಯಲ್ಲೂ ಇರುತ್ತದೆ. ಅಂಗಡಿಯ ಎನರ್ಜಿ ಬಾರ್‌ಗಳಂತೂ ನನ್ನ ಪಾಲಿಗೆ ಇಲ್ಲವೇ ಇಲ್ಲ. ಒಂದರಲ್ಲಿ ಕಡಲೆಬೀಜ ಇಲ್ಲದಿದ್ದರೆ ಗೋಡಂಬಿ ಇರುತ್ತದೆ.

ಎಷ್ಟು ತಿನ್ನಬೇಕು ಅನ್ನುವ ಲೆಕ್ಕ ಕಷ್ಟದ್ದಲ್ಲ. ಗಂಟೆಗಟ್ಟಲೆ ಪೆಡಲ್ ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಗ್ಲೂಕೋಸ್ ಜೊತೆ ಫ್ರಕ್ಟೋಸ್ ಕೂಡ ಇದ್ದರೆ, ಹೊಟ್ಟೆಗೆ ಅಭ್ಯಾಸ ಮಾಡಿಸಿದ್ದರೆ, 90 ಗ್ರಾಂ ತನಕವೂ ಹೋಗಬಹುದು. ಬೆಲ್ಲ, ಸಕ್ಕರೆಯಲ್ಲಿ ಇರುವುದು ಹೆಚ್ಚಾಗಿ ಸುಕ್ರೋಸ್. ಅದು ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಅಂದರೆ ದುಬಾರಿ ಎನರ್ಜಿ ಜೆಲ್ ಪೊಟ್ಟಣದಲ್ಲಿ ಇರುವ ಜೋಡಿ ನಮ್ಮ ಬೆಲ್ಲದ ಡಬ್ಬಿಯಲ್ಲೂ ಇದೆ. ನಾನು ಗಂಟೆಗೆ 60 ಗ್ರಾಂ ಅಂತ ಇಟ್ಟುಕೊಂಡೆ.

ಗುರಿ 200 ಕಿಲೋಮೀಟರಿನ ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಅದಕ್ಕೆ ಕೊಡುವ ಸಮಯ 13 ಗಂಟೆ 30 ನಿಮಿಷ. ರೇಸ್ ಅಲ್ಲ, ಆದರೆ ಹೊತ್ತಿನೊಳಗೆ ಮುಗಿಸಬೇಕು, ದಾರಿಯ ವ್ಯವಸ್ಥೆ ನಮ್ಮದೇ.

ಇನ್ನೊಂದು ವಿಷಯ ನನಗೆ ಮೊದಲು ಗೊತ್ತಿರಲಿಲ್ಲ, ನನ್ನ ಅಲರ್ಜಿ ಡಾಕ್ಟರ್ ಹೇಳಿದರು. ಮನೆಯಲ್ಲಿ ಕೂತಾಗ ಏನೂ ಮಾಡದಷ್ಟು ಚೂರು ಕಡಲೆಬೀಜ, ಮೈ ದಂಡಿಸುವಾಗ ದೊಡ್ಡ ಆಪತ್ತು ತರಬಹುದು. ಬ್ರಿಟನ್ನಿನಲ್ಲಿ ಕಡಲೆಬೀಜದ ಅಲರ್ಜಿ ಇರುವ ದೊಡ್ಡವರ ಮೇಲೆ ಒಂದು ಅಧ್ಯಯನ ನಡೆದು 2019ರಲ್ಲಿ ಪ್ರಕಟವಾಗಿದೆ. ವ್ಯಾಯಾಮ ಮಾಡಿದಾಗ, ಹಾಗೆಯೇ ನಿದ್ದೆಗೆಟ್ಟಾಗ, ಪ್ರತಿಕ್ರಿಯೆ ಶುರುವಾಗಲು ಬೇಕಾದ ಪ್ರಮಾಣ ಸುಮಾರು 45% ಕಡಿಮೆಯಾಗಿತ್ತು. ಬ್ರೆವೆಯಲ್ಲಿ ಎರಡೂ ಇರುತ್ತವೆ. ಬೆಳಗಿನ ಜಾವ ಮೂರಕ್ಕೆ ಎದ್ದು, ಆರಕ್ಕೆ ಹೊರಟು, ಇಡೀ ದಿನ ತುಳಿಯುವುದು. ಮಂಡಿ ನೋವಿಗೆ ಅಂತ ಕೆಲವರು ನುಂಗುವ ನೋವಿನ ಮಾತ್ರೆಯೂ ಇದೇ ಸಾಲಿಗೆ ಸೇರುತ್ತದಂತೆ. ಹಾಗಾಗಿ "ಸ್ವಲ್ಪ ಇದ್ದರೆ ಏನೂ ಆಗಲ್ಲ" ಅನ್ನುವ ನನ್ನ ಹಳೇ ಧೈರ್ಯವನ್ನು ಆವತ್ತೇ ಬಿಟ್ಟೆ.

ಮೊದಲ ಪ್ರಯತ್ನ: ಹುರಿಗಡಲೆ ಚಿಕ್ಕಿ

ಕಡಲೆಬೀಜದ ಬದಲು ಹುರಿಗಡಲೆ ಹಾಕಿ ಚಿಕ್ಕಿ ಮಾಡೋಣ ಅಂದುಕೊಂಡೆ. ಸುಲಭ ಅಲ್ವಾ? ಬೀದಿ ಕೊನೆಯ ಅಂಗಡಿಯಿಂದ ಅರ್ಧ ಕಿಲೋ ಬಿಡಿ ಹುರಿಗಡಲೆ ತಂದೆ. ಕಸ ನೋಡೋಣ ಅಂತ ಬಿಳಿ ತಟ್ಟೆಯಲ್ಲಿ ಹರಡಿದರೆ, ಮಧ್ಯದಲ್ಲಿ ಹಾಯಾಗಿ ಮಲಗಿತ್ತು ಅರ್ಧ ಕಡಲೆಬೀಜ.

ವಾಪಸ್ ಹೋಗಿ ನೋಡಿದೆ. ಎರಡು ಮೂಟೆ ಅಕ್ಕಪಕ್ಕ. ಎರಡಕ್ಕೂ ಒಂದೇ ಅಳತೆ ಡಬ್ಬ. ಅಂಗಡಿಯವರು "ಎರಡೂ ಕಡ್ಲೆನೇ ಅಲ್ವಾ ಸಾರ್" ಅಂದರು. ನಗು ಬಂತು. ಕನ್ನಡದಲ್ಲಿ ಈ ಪದದ ಗೋಳು ನನಗೆ ಹುಟ್ಟಿನಿಂದ ಗೊತ್ತು. ಕಡಲೆ ಹಿಟ್ಟಿನಲ್ಲಿರುವ ಕಡಲೆ ಬೇರೆ, ಕಡಲೆ ಮಿಠಾಯಿಯ ಕಡಲೆ ಬೇರೆ. ಒಂದು ನನಗೆ ಊಟ, ಇನ್ನೊಂದು ಆಸ್ಪತ್ರೆ. ಹುಬ್ಬಳ್ಳಿ ಕಡೆ ಹೋದರೆ ನೆಮ್ಮದಿ, ಅವರು ಚೆನ್ನಾಗಿ ಬಿಡಿಸಿ ಶೇಂಗಾ ಅನ್ನುತ್ತಾರೆ. ನಾನು ಬಸವನಗುಡಿಯ ಹತ್ತಿರ ಬೆಳೆದವನು. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂದರೆ ಅಮ್ಮ ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿಬಿಡುತ್ತಿದ್ದರು.

ಇನ್ನೂ ಒಂದು ತೊಂದರೆ. ಹುರಿಗಡಲೆ ಹುರಿಯುವ ಕಡೆಯೇ ಕಡಲೆಕಾಯಿಯನ್ನೂ ಹುರಿಯುವುದುಂಟು. ಮರಳೂ ಅದೇ, ಬಾಣಲೆಯೂ ಅದೇ. ನಾನು ಆರಿಸಿ ತೆಗೆದರೂ ಪುಡಿ ಎಲ್ಲಿಗೆ ಹೋಗುತ್ತದೆ?

ಛಲಕ್ಕೆ ಬಿದ್ದು, ಕಡಲೆಬೇಳೆ ತಂದು ಮನೆಯಲ್ಲೇ ಹುರಿದು ಚಿಕ್ಕಿ ಮಾಡಿದೆ. ಹಲ್ಲಿಗೆ ಕಲ್ಲು. ಕೂತು ತಿಂದರೆ ಪರವಾಗಿಲ್ಲ. ಏದುಸಿರು ಬಿಡುತ್ತಾ ಏರು ಹತ್ತುವಾಗ ಬಾಯಲ್ಲಿ ಅದನ್ನು ಅಗಿಯಲು ಆಗುವುದೇ ಇಲ್ಲ. ಮೂಗಿನಲ್ಲಿ ಉಸಿರಾಡಬೇಕು, ಬಾಯಿ ಮುಚ್ಚಿ ಕಡಿಯಬೇಕು, ಆಗುತ್ತದೆಯೇ? ಈ ಪ್ರಯತ್ನ ಅಲ್ಲಿಗೇ ಮುಗಿಯಿತು. ಆದರೆ ಒಂದು ನಿಯಮ ಸಿಕ್ಕಿತು: ಹುರಿದದ್ದು, ತುರಿದದ್ದು, ಪುಡಿ ಮಾಡಿದ್ದು ಕೊಳ್ಳಬಾರದು. ಇಡಿಯಾಗಿ ಸಿಗುವುದನ್ನು ತಂದು ನಾವೇ ಹುರಿಯಬೇಕು, ತುರಿಯಬೇಕು.

ಎರಡನೆಯದು: ಖರ್ಜೂರದ ಉಂಡೆ, ಮತ್ತು ಒಂದು ಉತ್ತರ

ಖರ್ಜೂರದಲ್ಲಿ 100 ಗ್ರಾಮಿಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ಮೆತ್ತಗಿದೆ, ಅಗಿಯಬಹುದು. ಆದರೆ ಖರ್ಜೂರ ಪ್ಯಾಕ್ ಮಾಡುವವರು ಗೋಡಂಬಿಯನ್ನೂ ಪ್ಯಾಕ್ ಮಾಡುತ್ತಾರೆ. ಲೇಬಲ್ ಓದಲು ಕೂತೆ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮದ ಪ್ರಕಾರ, ತಿನಿಸಿನಲ್ಲಿ ಕಡಲೆಬೀಜ, ಗೋಡಂಬಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿಯವು, ಸೋಯಾ, ಗ್ಲುಟೆನ್ ಇರುವ ಧಾನ್ಯ, ಒಂದು ಮಿತಿಗಿಂತ ಹೆಚ್ಚು ಸಲ್ಫೈಟ್ ಇದ್ದರೆ ಹೇಳಲೇಬೇಕು. ಆದರೆ "ಇರಬಹುದು" ಅನ್ನುವ ಸಾಲು, ಅಂದರೆ ಅದೇ ಯಂತ್ರದಲ್ಲಿ ಬೇರೆಯದ್ದು ಓಡಿ ಚೂರುಪಾರು ಬೆರೆತಿರಬಹುದು ಅನ್ನುವುದು, ಕಡ್ಡಾಯ ಅಲ್ಲ. ಆ ಸಾಲು ಇದ್ದರೆ ಎಚ್ಚರಿಕೆ ಸಿಕ್ಕಿತು. ಇಲ್ಲದಿದ್ದರೆ ಏನೂ ಗೊತ್ತಾಗಲಿಲ್ಲ, ಅಷ್ಟೇ. ಎಳ್ಳಿನ ಅಲರ್ಜಿ ಇರುವವರು ಇನ್ನೂ ಹುಷಾರಾಗಿರಬೇಕು. ಆ ಪಟ್ಟಿಯಲ್ಲಿ ಎಳ್ಳೇ ಇಲ್ಲ, ಸಾಮಗ್ರಿಗಳ ಸಾಲನ್ನೇ ಅಕ್ಷರ ಬಿಡದೆ ಓದಬೇಕು.

ಮೂರು ಕಂಪನಿಗಳಿಗೆ ಮೇಲ್ ಹಾಕಿದೆ: "ನಿಮ್ಮ ಖರ್ಜೂರ ಪ್ಯಾಕ್ ಆಗುವ ಸಾಲಿನಲ್ಲಿ ಕಡಲೆಬೀಜ, ಗೋಡಂಬಿ ಓಡುತ್ತದೆಯೇ?" ಒಬ್ಬರ ಉತ್ತರ ಬರಲೇ ಇಲ್ಲ. ಇನ್ನೊಬ್ಬರು "ನಮ್ಮ ಎಲ್ಲ ಉತ್ಪನ್ನಗಳೂ ಶುದ್ಧ ಸಸ್ಯಾಹಾರಿ" ಅಂತ ಬರೆದರು. ಕಡಲೆಬೀಜ ಮಾಂಸಾಹಾರ ಅಂತ ನಾನೂ ಹೇಳಿರಲಿಲ್ಲ. ಮೂರನೆಯವರು ಮಾತ್ರ, ಆ ಘಟಕದಲ್ಲಿ ಖರ್ಜೂರ ಬಿಟ್ಟು ಬೇರೇನೂ ಪ್ಯಾಕ್ ಆಗುವುದಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿದರು. ಅದನ್ನೇ ತಂದೆ. ಬೀಜ ತೆಗೆಯದೆ ಇರುವುದು, ಇಡಿಯಾಗಿರುವುದು. ಮನೆಯಲ್ಲಿ ತೊಳೆದು ಒಣಗಿಸಿದೆ.

ಬರೀ ಖರ್ಜೂರ, ಅವಲಕ್ಕಿ ಸೇರಿಸಿ ಉಂಡೆ ಕಟ್ಟಿದೆ. ಬೆನ್ನಿನ ಜೇಬಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಎರಡು ಗಂಟೆಗೆ ಎಂಟು ಉಂಡೆ ಹೋಗಿ ಒಂದು ಮುದ್ದೆ ಆಯಿತು. ರುಚಿಯೂ ಅಷ್ಟೇ. ಮೂರನೆಯ ಉಂಡೆಗೆ ಸಿಹಿ ಗಂಟಲಿಗೆ ಬಂತು.

ಮಿಕ್ಸಿ ಬಿಚ್ಚಿದ ದಿನ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನಿಜವಾದ ಕೆಲಸ ಇಲ್ಲೇ ಇತ್ತು.

ನಮ್ಮ ಮನೆಯಲ್ಲಿ ನನಗೆ ಕಡಲೆಬೀಜ ಇಲ್ಲ, ಉಳಿದವರಿಗೆ ಇದೆ. ಅಪ್ಪನಿಗೆ ಕಡಲೆಬೀಜದ ಚಟ್ನಿ ಇಲ್ಲದೆ ದೋಸೆ ಇಳಿಯುವುದಿಲ್ಲ. ಜಾರ್ ತೊಳೆದೇ ಇಡುತ್ತಾರೆ, ಕಣ್ಣಿಗೆ ಪಳಪಳ. ಒಂದು ಭಾನುವಾರ ಬ್ಲೇಡಿನ ಭಾಗವನ್ನು ತಿರುಗಿಸಿ ಬಿಚ್ಚಿದೆ. ಕೆಳಗಿನ ರಬ್ಬರ್ ವಾಷರಿನ ಸುತ್ತ ಕಂದು ಬಣ್ಣದ ಗಟ್ಟಿ ಪದರ. ಮೂಸಿದರೆ ಹಳೇ ಚಟ್ನಿ. ಮುಚ್ಚಳದ ಗ್ಯಾಸ್ಕೆಟ್ ಎತ್ತಿದರೆ ಅಲ್ಲೂ ಅದೇ ಕಥೆ. ಇಷ್ಟು ದಿನ ನಾನು ಇದರಲ್ಲೇ ಖರ್ಜೂರ ರುಬ್ಬುತ್ತಿದ್ದೆ!

ಅಮ್ಮನಿಗೆ ತೋರಿಸಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ನಿನಗೆ ಅಂತ ಬೇರೆ ಜಾರ್ ತಂದುಬಿಡೋಣ ಕಣೋ" ಅಂದರು. ಹೊಸ ಸಣ್ಣ ಜಾರ್ ಬಂತು. ಹಿಡಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆ. ಅದೇ ಟೇಪು ಒಂದು ಸ್ಟೀಲ್ ಬಾಣಲೆಗೆ, ಒಂದು ಸೌಟಿಗೆ, ಒಂದು ತಟ್ಟೆಗೆ, ಒಂದು ಡಬ್ಬಿಗೆ. ಮರದ ಲಟ್ಟಣಿಗೆ, ಮರದ ಮಣೆ ನನ್ನ ಕೆಲಸಕ್ಕೆ ಬೇಡ ಅಂತ ತೀರ್ಮಾನಿಸಿದೆ. ಮರದ ಸಂದಿಯಲ್ಲಿ ಏನು ಕೂತಿದೆಯೋ ಯಾರಿಗೆ ಗೊತ್ತು. ಉಂಡೆ ತಟ್ಟಲು ಸ್ಟೀಲ್ ಲೋಟದ ತಳವೇ ಸಾಕು.

ಎಣ್ಣೆ ವಿಷಯ ಕೂಡ. ಈಗ ಎಲ್ಲರಿಗೂ ಗಾಣದ ಎಣ್ಣೆಯ ಮೋಹ. ಒಳ್ಳೆಯದೇ. ಆದರೆ ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಹೋಗಿರುತ್ತದೆ, ಗಾಣದ್ದರಲ್ಲಿ ಉಳಿದಿರುತ್ತದೆ. ಅಲರ್ಜಿ ಬರುವುದು ಆ ಪ್ರೋಟೀನಿಗೆ. ನಾನು ತರುತ್ತಿದ್ದದ್ದು ಗಾಣದ ಕೊಬ್ಬರಿ ಎಣ್ಣೆ. ಅದೇ ಗಾಣದಲ್ಲಿ ಬೆಳಗ್ಗೆ ಏನು ಹಾಕಿದ್ದರು ಅಂತ ಕೇಳಿದ ಮೇಲೆ ಅಲ್ಲಿ ತರುವುದು ಬಿಟ್ಟೆ. ಈಗ ತುಪ್ಪ ಸವರುತ್ತೇನೆ, ಅಮ್ಮ ಮನೆಯಲ್ಲೇ ಬೆಣ್ಣೆ ಕಾಯಿಸಿದ್ದು.

ಬೆಲ್ಲದಲ್ಲೂ ಒಂದು ತಿರುವು ಇತ್ತು. ಮಂಡ್ಯದ ಕಡೆ ತುಳಿಯುವಾಗ ಒಂದು ಆಲೆಮನೆ ಹತ್ತಿರ ನಿಂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಬರುತ್ತಿತ್ತು. ಅಲ್ಲಿದ್ದ ಹಿರಿಯರೊಬ್ಬರು ಒಂಚೂರು ಎಣ್ಣೆ ಹಾಕಿದರು, ನೊರೆ ಪಟ್ಟನೆ ಇಳಿಯಿತು. "ಯಾವ ಎಣ್ಣೆ ತಾತ?" "ಹಳ್ಳೆಣ್ಣೆ ಕಣಪ್ಪ. ಕೆಲವರು ಕಡ್ಲೆಕಾಯೆಣ್ಣೆನೂ ಹಾಕ್ತಾರೆ." ಅದು ಎಷ್ಟೇ ಕಡಿಮೆ ಇರಲಿ, ಗೊತ್ತಾದ ಮೇಲೆ ಮನಸ್ಸು ಒಪ್ಪಬೇಕಲ್ಲ. ಅವರ ಹತ್ತಿರವೇ ಎರಡು ಕಿಲೋ ಅಚ್ಚು ಬೆಲ್ಲ ಕೊಂಡು, ಬ್ಯಾಗಿಗೆ ತುಂಬಿಕೊಂಡು ಬಂದೆ. ಅಷ್ಟು ಭಾರ ಹೊತ್ತು 100 ಕಿಲೋಮೀಟರ್ ವಾಪಸ್ ತುಳಿದವನ ಬಗ್ಗೆ ನನ್ನ ಸೈಕಲ್ ಗೆಳೆಯ ಈಗಲೂ ಆಡಿಕೊಳ್ಳುತ್ತಾನೆ.

ಮೂರನೆಯದು: ಇದು ನಿಂತಿತು

ತೆಳು ಅವಲಕ್ಕಿ 150 ಗ್ರಾಂ, ಬೆಲ್ಲ 150 ಗ್ರಾಂ, ಬೀಜ ತೆಗೆದ ಖರ್ಜೂರ 150 ಗ್ರಾಂ, ಕೊಬ್ಬರಿ 50 ಗ್ರಾಂ, ಉಪ್ಪು ಒಂದು ಚಮಚ ಅಂದರೆ 5 ಗ್ರಾಂ, ಒಣಶುಂಠಿ ಸ್ವಲ್ಪ. ಕೊಬ್ಬರಿ ತಿಪಟೂರಿನಿಂದ ನೆಂಟರು ತಂದುಕೊಟ್ಟದ್ದು, ಇಡೀ ಗಿಟಕು. ಮೇಲೆ ಒರೆಸಿ ನಾನೇ ತುರಿದೆ.

ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಗರಿ ಆಗುವ ತನಕ ಹುರಿದು, ಅರ್ಧವನ್ನು ತರಿತರಿಯಾಗಿ ಪುಡಿ ಮಾಡಬೇಕು. ಪೂರ್ತಿ ಪುಡಿ ಮಾಡಿದರೆ ಗಂಟಲಿಗೆ ಅಂಟುತ್ತದೆ, ಹಾಗೇ ಬಿಟ್ಟರೆ ಉದುರುತ್ತದೆ. ಕೊಬ್ಬರಿ ಬೇರೆ ಹುರಿಯಬೇಕು. ಖರ್ಜೂರ ರುಬ್ಬಬೇಕು. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗೆ.

ಪಾಕ ಇಲ್ಲಿ ಜೀವಾಳ. ಚಿಕ್ಕಿಗೆ ಬೇಕಾದ ಹಾಗೆ ಲಟಕ್ ಅನ್ನುವ ತನಕ ಕಾಯಿಸಿದರೆ ಮತ್ತೆ ಕಲ್ಲು. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತಗಿನ ಉಂಡೆ ಆಗಬೇಕು, ಒತ್ತಿದರೆ ಚಪ್ಪಟೆ ಆಗಬೇಕು. ನನ್ನ ಹತ್ತಿರ ಅಡುಗೆ ಥರ್ಮಾಮೀಟರ್ ಇದೆ, ಅದರಲ್ಲಿ 114 ಡಿಗ್ರಿಗೆ ಇಳಿಸಿದೆ. ಮೊದಲ ಸಲ 120 ದಾಟಿಸಿಬಿಟ್ಟೆ, ತುಂಡು ಒಡೆದುಹೋದವು. ಅಮ್ಮನಿಗೆ ಥರ್ಮಾಮೀಟರ್ ಕಂಡರೆ ನಗು. ಅವರು ನೊರೆಯ ಸದ್ದು ಕೇಳಿಯೇ ಹೇಳುತ್ತಾರೆ.

ಪಾಕಕ್ಕೆ ಖರ್ಜೂರ ಹಾಕಿ ಕಲಸಿ, ಒಲೆ ಆರಿಸಿ, ಉಳಿದದ್ದೆಲ್ಲ ಸೇರಿಸಿ, ತುಪ್ಪ ಸವರಿದ ತಟ್ಟೆಗೆ ಹಾಕಿ ಲೋಟದಿಂದ ಗಟ್ಟಿಯಾಗಿ ಒತ್ತಬೇಕು. ಈ ಒತ್ತುವುದರಲ್ಲಿ ಜಿಪುಣತನ ಬೇಡ. ಸಡಿಲ ಬಿಟ್ಟರೆ ಜೇಬಿನಲ್ಲಿ ಪುಡಿಯಾಗುತ್ತದೆ. ಉಗುರುಬೆಚ್ಚಗೆ ಇರುವಾಗ 18 ತುಂಡು ಮಾಡಿದೆ.

ಲೆಕ್ಕ ಹೀಗೆ: ಅವಲಕ್ಕಿಯಿಂದ ಸುಮಾರು 115, ಬೆಲ್ಲದಿಂದ 130, ಖರ್ಜೂರದಿಂದ 105, ಕೊಬ್ಬರಿಯಿಂದ ಚಿಲ್ಲರೆ. ಒಟ್ಟು 360 ಗ್ರಾಮಿನ ಹತ್ತಿರ. ಅಂದರೆ ತುಂಡಿಗೆ 20. ಅರ್ಧ ಗಂಟೆಗೆ ಒಂದು ತಿಂದರೆ ಗಂಟೆಗೆ 40 ಆಯಿತು. ಉಳಿದ 20 ಬಾಟಲಿಯಿಂದ: 750 ಮಿಲಿ ನೀರಿಗೆ 40 ಗ್ರಾಂ ಸಕ್ಕರೆ, ಒಂದೂವರೆ ಗ್ರಾಂ ಉಪ್ಪು, ಒಂದು ನಿಂಬೆಹಣ್ಣು, ಎರಡು ಗಂಟೆಗೆ ಒಂದು ಬಾಟಲಿ. ಇನ್ನೊಂದು ಬಾಟಲಿಯಲ್ಲಿ ಬರೀ ನೀರು. ಎಳನೀರು ಸಿಕ್ಕರೆ ಕುಡಿಯುತ್ತೇನೆ, ಕಣ್ಣೆದುರೇ ಕೊಚ್ಚಿ ಕೊಡುತ್ತಾರೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಉಪ್ಪಿನ ಬಾಟಲಿ ಬಿಡುವುದಿಲ್ಲ.

ಸಿಹಿ ಸಾಕಾದಾಗ ಅಂತ ನಾಲ್ಕು ಸಣ್ಣ ಆಲೂಗಡ್ಡೆ, ಸಿಪ್ಪೆ ಸಮೇತ ಬೇಯಿಸಿ ಉಪ್ಪು ಹಚ್ಚಿದ್ದು. ಕೇಳಲು ತಮಾಷೆ, ಆದರೆ ಏಳನೇ ಗಂಟೆಯಲ್ಲಿ ಅದಕ್ಕಿಂತ ರುಚಿ ಇನ್ನೊಂದಿಲ್ಲ. ದಾರಿಯಲ್ಲಿ ಕೊಳ್ಳಲು ಏಲಕ್ಕಿ ಬಾಳೆ. ಅದರ ಪ್ಯಾಕಿಂಗ್ ಅದರ ಜೊತೆಗೇ ಬಂದಿರುತ್ತದೆ.

ಸುತ್ತುವುದಕ್ಕೂ ಮೂರು ಸಲ ಪ್ರಯೋಗ ಆಯಿತು. ಮಿಠಾಯಿ ಥರ ಎರಡೂ ಕಡೆ ತಿರುಚಿದರೆ ಗ್ಲೌಸ್ ಹಾಕಿಕೊಂಡು ಒಂದು ಕೈಯಲ್ಲಿ ಬಿಚ್ಚಲು ಆಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬೆವರಿತು. ಈಗ ಬೆಣ್ಣೆ ಕಾಗದದಲ್ಲಿ ಮಡಿಸಿ, ಒಂದು ಮೂಲೆಯನ್ನು ಕಿವಿ ಥರ ಹೊರಗೆ ಬಿಡುತ್ತೇನೆ. ಅದನ್ನು ಹಲ್ಲಲ್ಲಿ ಕಚ್ಚಿ ಎಳೆದರೆ ಬಿಚ್ಚುತ್ತದೆ. ಮಳೆಗಾಲಕ್ಕೆ ಇದು ಸಾಲದು. ಬೆಲ್ಲ ಗಾಳಿಯ ತೇವ ಹೀರುತ್ತದೆ, ಜುಲೈನಲ್ಲಿ ಮೂರನೇ ದಿನಕ್ಕೇ ತುಂಡು ಬೆವರಿದವು.

ಕೈ, ಮತ್ತು ಹ್ಯಾಂಡಲ್‌ಬಾರ್ ಚೀಲ

ಒಂದು ಅಭ್ಯಾಸ ಸವಾರಿಯಲ್ಲಿ ಪಂಕ್ಚರ್ ಆಯಿತು. ಗೆಳೆಯ ಆಗ ತಾನೇ ಕಡಲೆ ಮಿಠಾಯಿ ತಿಂದಿದ್ದ. ಓಡಿಬಂದು ಟಯರ್ ಹಿಡಿದ, ನನ್ನ ಬಾಟಲಿ ಎತ್ತಿಟ್ಟ. ಅವನು ಸ್ಯಾನಿಟೈಸರ್ ಹಚ್ಚಿಕೊಂಡಿದ್ದ, ಒಳ್ಳೆಯ ಮನಸ್ಸಿನಿಂದ. ಆದರೆ ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತದೆ, ಕಡಲೆಬೀಜದ ಪ್ರೋಟೀನನ್ನು ತೆಗೆಯುವುದಿಲ್ಲ. ಅದಕ್ಕೆ ಸೋಪು ನೀರು ಬೇಕು, ಇಲ್ಲದಿದ್ದರೆ ಒದ್ದೆ ವೈಪ್ಸ್‌ನಲ್ಲಿ ಚೆನ್ನಾಗಿ ಒರೆಸಬೇಕು. ಆವತ್ತಿನಿಂದ ಸೀಟಿನ ಕೆಳಗಿನ ಚೀಲದಲ್ಲಿ ಪೇಪರ್ ಸೋಪು ಇದೆ.

ಅಲರ್ಜಿ ಕೈಮೀರಿದರೆ ಕೊಡುವ ಔಷಧಿ ಹ್ಯಾಂಡಲ್‌ಬಾರ್ ಚೀಲದಲ್ಲಿ. ತೊಡೆಗೆ ಒತ್ತಿದರೆ ಸಾಕಾಗುವ ಅಡ್ರಿನಲಿನ್ ಪೆನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಡಾಕ್ಟರ್ ಬರೆದುಕೊಟ್ಟ ಅಡ್ರಿನಲಿನ್ ಆಂಪೂಲ್ (ಗಾಜಿನ ಸಣ್ಣ ಸೀಸೆ), ಸಿರಿಂಜು, ಎಷ್ಟು ಎಳೆಯಬೇಕು ಅನ್ನುವ ಚೀಟಿ, ಇಷ್ಟೂ ಗಟ್ಟಿ ಡಬ್ಬಿಯಲ್ಲಿ, ಬಿಸಿಲು ಬೀಳದ ಹಾಗೆ. ಹೇಗೆ ಕೊಡುವುದು ಅಂತ ಅವರೇ ನನಗೂ ಗೆಳೆಯನಿಗೂ ಕಲಿಸಿದ್ದಾರೆ. ತೊಡೆಯ ಹೊರಭಾಗಕ್ಕೆ, ಬಟ್ಟೆ ಮೇಲಿಂದಲೇ ಆದರೂ ಸರಿ, ತಡ ಮಾಡದೆ. ಆಮೇಲೆ ಮಲಗಿಸಿ, ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ, 108ಕ್ಕೆ ಫೋನ್. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಉಸಿರು ಕಟ್ಟಿದಾಗ ಅದನ್ನು ನಂಬಿ ಕೂರುವಂತಿಲ್ಲ.

ಬ್ರೆವೆ ದಿನ

ಬೆಳಗ್ಗೆ ಆರಕ್ಕೆ ಹೊರಟೆವು. ಫೋನಿನಲ್ಲಿ ಅರ್ಧ ಗಂಟೆಗೊಂದು ಅಲಾರಂ. ಹಸಿವಾಗಲಿ ಬಿಡಲಿ, ಗಂಟೆ ಹೊಡೆದರೆ ತಿನ್ನುವುದು. ಮೊದಲ ನಾಲ್ಕು ಗಂಟೆ ಚೆನ್ನಾಗಿ ನಡೆಯಿತು. ಐದನೆಯದರಲ್ಲಿ ಎದುರುಗಾಳಿ, ಎರಡು ಅಲಾರಂ ತಪ್ಪಿಸಿದೆ, ತಲೆ ಭಾರವಾಯಿತು. ನಿಂತು ಒಂದು ಆಲೂಗಡ್ಡೆ, ಒಂದು ತುಂಡು ತಿಂದೆ. 20 ನಿಮಿಷಕ್ಕೆ ಸರಿಹೋಯಿತು. ಎಲ್ಲರೂ ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ನಾನು ಅಂಗಡಿ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ಸುಲಿದೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಒಳಗಿಂದ ತಿಳಿಸಾರಿನ ವಾಸನೆ ಬರುತ್ತಿತ್ತು.

11 ಗಂಟೆ 40 ನಿಮಿಷಕ್ಕೆ ಮುಗಿಯಿತು. 18ರಲ್ಲಿ ಮೂರು ತುಂಡು ಉಳಿದಿದ್ದವು. ಸವಾರಿ ಮುಗಿಸಿದ್ದಕ್ಕೆ ಬ್ರೆವೆ ಕಾರ್ಡಿಗೆ ಸೀಲು ಹಾಕಿಸಿಕೊಂಡು ಬಂದರೆ, ಗೆಳೆಯ ಕೆಂಪು ಟೇಪಿನ ಡಬ್ಬಿ ಕಡೆ ಕೈ ಚಾಚುತ್ತಿದ್ದ. ಅವನ ಇನ್ನೊಂದು ಕೈಯಲ್ಲಿ ಮಸಾಲೆ ಕಡ್ಲೆಬೀಜದ ಪೊಟ್ಟಣ.

"ಗುರು, ಡಬ್ಬಿಗೆ ಕೈ ಹಾಕಬೇಡ," ಅಂದೆ. "ಬಾಯಿ ತೆಗಿ, ನಾನೇ ಹಾಕ್ತೀನಿ."